ಹಿರಿಯ ಮಿಷನರಿ ದಂಪತಿ ಊರಿಗೆ ಹೊರಟಿದ್ದಾರೆ, ಹೇಗೆ ಕಳಿಸಿಕೊಡೋದು?

ಹಾಸನದ_ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಬೆಂಗಳೂರಲ್ಲಿ ಲ್ಯಾಟರ್ ಡೇ ಸೇಂಟ್ಸ್ ಚರ್ಚಿಗೆ ಹೋಗುತ್ತೇನೆ. ಮನೆಯಲ್ಲಿ ಈ ಚರ್ಚಿಗೆ ಹೋಗುವವಳು ನಾನೊಬ್ಬಳೇ. ಅಪ್ಪ ಅಮ್ಮ ನಮ್ಮ ಮನೆದೇವರಿಗೇ ನಡೆದುಕೊಳ್ಳುವವರು. ಎದೆ ಮೇಲೆ ಹೆಸರಿನ ಕಪ್ಪು ಬಿಲ್ಲೆ ಹಾಕಿಕೊಂಡು ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ನೀವು ಎಲ್ಲಾದರೂ ನೋಡಿರಬಹುದು, ಅದೇ ಚರ್ಚು. ಬೆಂಗಳೂರಲ್ಲಿ ಇದರ ಮಿಷನ್ ಶುರುವಾಗಿದ್ದು 1993ರಲ್ಲಿ. ಹುಡುಗರು 2 ವರ್ಷ, ಹುಡುಗಿಯರು 18 ತಿಂಗಳು ಸೇವೆ ಮಾಡುತ್ತಾರೆ. ಕೆಲಸದಿಂದ ನಿವೃತ್ತರಾದ ಗಂಡ ಹೆಂಡತಿಯೂ ಹೀಗೆ ಬರುತ್ತಾರೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮಕ್ಕಳೆಲ್ಲ ಒಂದು ದಡ ಸೇರಿದ ಮೇಲೆ, ಮನೆಗೆ ಬೀಗ ಹಾಕಿ, ಸ್ವಂತ ದುಡ್ಡಲ್ಲಿ ಬರುತ್ತಾರೆ. 6 ತಿಂಗಳಿಂದ 23 ತಿಂಗಳವರೆಗೆ ಇರುತ್ತಾರೆ. ಮನೆಮನೆ ಬಾಗಿಲು ತಟ್ಟೋದು ಇವರ ಕೆಲಸ ಅಲ್ಲ. ಆಫೀಸಿನ ಲೆಕ್ಕಪತ್ರ, ವಂಶಾವಳಿ ಹುಡುಕೋಕೆ ಸಹಾಯ, ಹೊಸಬರ ಜೊತೆ ಕೂತು ಮಾತಾಡೋದು, ಇಂಥವು.

ನಮ್ಮ ವಾರ್ಡಿಗೆ (ನಮ್ಮಲ್ಲಿ ಒಂದು ಕಡೆಯ ಸಭೆಯನ್ನು ವಾರ್ಡ್ ಅನ್ನುತ್ತಾರೆ) ಬಂದವರು ಅಮೆರಿಕದ ಐಡಾಹೋದವರು. ಆಲೂಗಡ್ಡೆ ಬೆಳೆಯುವ ರೈತರು. ಈಗ ಮಗ ಹೊಲ ನೋಡಿಕೊಳ್ಳುತ್ತಾನೆ. ಇಬ್ಬರಿಗೂ 70 ದಾಟಿದೆ. ಬೆಂಗಳೂರಿಗೆ ಟೆಂಪಲ್ (ವಾರವಾರದ ಸಭೆಯ ಚರ್ಚಲ್ಲ, ನಮ್ಮ ವಿಶೇಷ ವಿಧಿಗಳಿಗೆ ಅಂತಲೇ ಇರುವ ಕಟ್ಟಡ) ಬರುತ್ತೆ ಅಂತ 2018ರ ಏಪ್ರಿಲಲ್ಲಿ ಘೋಷಣೆ ಆದಾಗ ಇವರು ಮನೆಯಲ್ಲಿ ಕೂತು ಕೇಳುತ್ತಿದ್ದರಂತೆ, ಬೆಂಗಳೂರು ಎಲ್ಲಿದೆ ಅಂತ ಮ್ಯಾಪಲ್ಲಿ ಹುಡುಕಿದ್ದರಂತೆ. ಆಮೇಲೆ ಇಲ್ಲಿಗೇ ಕಳಿಸಿದರು.

ಅವರು ಮೊದಲ ಸಲ ನಮ್ಮನೆಗೆ ಬಂದಾಗ ಅಮ್ಮ ಫಿಲ್ಟರ್ ಕಾಫಿ ಮಾಡಿ ತಂದುಬಿಟ್ಟಳು. ನಮ್ಮ ಚರ್ಚಲ್ಲಿ ಕಾಫಿ ಟೀ ಎರಡೂ ಕುಡಿಯೋ ಹಾಗಿಲ್ಲ. ನಾನು ಹೇಳೋದು ಮರೆತಿದ್ದೆ, ಅಮ್ಮನ ಮುಖ ಸಣ್ಣಗಾಯಿತು. ಸಿಸ್ಟರ್ (ಮಿಷನರಿಗಳಲ್ಲಿ ಹೆಂಗಸರನ್ನು ಸಿಸ್ಟರ್, ಗಂಡಸರನ್ನು ಎಲ್ಡರ್ ಅನ್ನುತ್ತೇವೆ) ಎದ್ದು ಅಡುಗೆಮನೆಗೇ ಹೋಗಿ, ಡಬ್ಬಿ ತೋರಿಸಿ ತೋರಿಸಿ ಇದೇನು ಇದೇನು ಅಂತ ಕೇಳಿ, ಕೊನೆಗೆ ರಾಗಿ ಮಾಲ್ಟ್ ಮಾಡಿಸಿಕೊಂಡು ಕುಡಿದರು. ಅವತ್ತಿಂದ ಅಮ್ಮನ ಬಾಯಲ್ಲಿ ಅವರು ಸಿಸ್ಟರಮ್ಮ. ನಮ್ಮ ಡಬ್ಬಿ ಅವರ ಮನೆಗೆ ಹೋದರೆ ಯಾವತ್ತೂ ಖಾಲಿ ವಾಪಸ್ ಬಂದಿಲ್ಲ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಪ್ಪನದು ಇನ್ನೊಂದು ಕಥೆ. ಅಪ್ಪ ಹಾಸನದ ಹತ್ತಿರ ಮಂಡಿ ನೋವು ಶುರುವಾಗೋವರೆಗೂ ಆಲೂಗಡ್ಡೆ ಬೆಳೆದವರು. ಇಂಗ್ಲಿಷ್ ಬರಲ್ಲ. ಎಲ್ಡರ್ ಫೋನಲ್ಲಿ ತಮ್ಮ ಹೊಲದ ಫೋಟೋ ತೋರಿಸುತ್ತಿದ್ದರು. ಅಪ್ಪ ಒಂದು ಹಳೇ ಫೋಟೋದ ಮೇಲೆ ಬೆರಳಿಟ್ಟು ದೊಡ್ಡದು ಮಾಡಿಸಿಕೊಂಡು, ಎಲೆ ಅಂಚಿನ ಕಪ್ಪು ಮಚ್ಚೆ ನೋಡಿ "ಅಂಗಮಾರಿ" ಅಂದರು, ಆಲೂಗಡ್ಡೆಗೆ ಬರೋ ರೋಗ ಅದು. ನಾನು ಅನುವಾದ ಮಾಡೋಕೆ ಮುಂಚೆಯೇ ಎಲ್ಡರ್ ತಲೆ ಆಡಿಸಿದರು. ಆ ವರ್ಷ ಆ ಹೊಲ ಪೂರ್ತಿ ಹೋಗಿತ್ತಂತೆ. ನಮಗೂ ಒಂದು ವರ್ಷ ಹಾಗೇ ಆಗಿತ್ತು. ಆಮೇಲೆ ಅವರಿಬ್ಬರಿಗೂ ನಾನು ಬೇಕಾಗಲೇ ಇಲ್ಲ. ಬಿತ್ತನೆ ಗೆಡ್ಡೆ ಜಲಂಧರಿಂದ ಬರೋದು, ಹಾಸನದ ಮಾರ್ಕೆಟ್ಟಲ್ಲಿ ರೇಟು ಏರೋದು, ಅಲ್ಲಿ ಕೊಯ್ಲಿನ ಹೊತ್ತಿಗೆ ಸ್ಕೂಲಿಗೇ ರಜೆ ಕೊಡೋದು, ಎಲ್ಲವನ್ನೂ ಕೈಸನ್ನೆಯಲ್ಲೇ ಮಾತಾಡಿಕೊಂಡರು.

ಈಗ 18 ತಿಂಗಳು ಮುಗಿಯಿತು. ಇನ್ನು 3 ವಾರಕ್ಕೆ, ಮಾರ್ಚ್ ಮೊದಲ ವಾರದ ಮಂಗಳವಾರ ರಾತ್ರಿ ವಿಮಾನ. ವಾರ್ಡಿನಲ್ಲಿ ಬೀಳ್ಕೊಡುಗೆ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಅವರ ಕೊನೇ ಭಾನುವಾರವೇ ಉಪವಾಸದ ಭಾನುವಾರ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಊಟ ಬಿಟ್ಟು, ಆ ದುಡ್ಡನ್ನು ಕಷ್ಟದಲ್ಲಿರುವವರಿಗೆ ಕೊಡುತ್ತೇವೆ. ಅವತ್ತು ಊಟ ಇಡೋದು ಹೇಗೆ? ಉಡುಗೊರೆ ಏನು ಕೊಡಲಿ? ಅಮ್ಮ ಸಿಸ್ಟರಮ್ಮನಿಗೆ ಮಡಿಲು ತುಂಬಿ ಕಳಿಸಬೇಕು ಅಂತಿದ್ದಾಳೆ, ಅದು ಸರಿಯಾ? ಅಪ್ಪ ಮಾತ್ರ ಏನೂ ಹೇಳುತ್ತಿಲ್ಲ. ಚರ್ಚಿಗೆ ಬರಲ್ಲ, ಏರ್‌ಪೋರ್ಟಿಗೂ ಬರಲ್ಲ ಅಂದುಬಿಟ್ಟಿದ್ದಾರೆ. ನನಗೆ ಅದೇ ಜಾಸ್ತಿ ಸಂಕಟ.

ಯೂಟಾ_ಕನ್ನಡಿಗ:

ನಾನು ಆ ಚರ್ಚಿನವನಲ್ಲ, ಆದರೆ ಸಾಲ್ಟ್ ಲೇಕ್ ಸಿಟಿ ಪಕ್ಕದಲ್ಲಿ ಇದ್ದೀನಿ, ಸುತ್ತಮುತ್ತ ಎಲ್ಲ ಅವರೇ. ನಮ್ಮ ಪಕ್ಕದ ಮನೆಯ ದಂಪತಿ ಫಿಲಿಪ್ಪೀನ್ಸಿಗೆ ಹೋಗಿ 23 ತಿಂಗಳು ಇದ್ದು ಬಂದರು. ನಾನು ಅವರ ಟಪಾಲು ಎತ್ತಿಡುತ್ತಿದ್ದೆ, ಹುಲ್ಲಿಗೆ ನೀರು ಬಿಡುತ್ತಿದ್ದೆ. ಅದಕ್ಕೇ ಈ ಕಡೆಯಿಂದ ಹೇಗೆ ಕಾಣುತ್ತೆ ಅಂತ ಬರೆಯುತ್ತೀನಿ.

ಇಲ್ಲಿನ ಏರ್‌ಪೋರ್ಟಲ್ಲಿ ಬಲೂನು, ಕೈಬರಹದ ಬೋರ್ಡು ಹಿಡಿದುಕೊಂಡು ಇಡೀ ಸಂಸಾರ ನಿಂತಿರುತ್ತೆ. ನೋಡೋಕೆ ಹಬ್ಬದ ಹಾಗೆ. ಆದರೆ ಬಂದವರ ಮುಖ ನೋಡಿದರೆ ಅರ್ಧ ಮನಸ್ಸು ಅಲ್ಲೇ ಬಿಟ್ಟು ಬಂದಿರುತ್ತಾರೆ. ವಿಮಾನ ಇಳಿದರೂ ಅವರು ಇನ್ನೂ ಮಿಷನರಿಯೇ. ಅವರ ಸ್ಟೇಕ್ (ಹಲವು ವಾರ್ಡುಗಳು ಸೇರಿದ ಗುಂಪು) ಅಧ್ಯಕ್ಷರು ಮಾತಾಡಿಸಿ ಬಿಡುಗಡೆ ಮಾಡಿದ ಮೇಲೆಯೇ ಬಿಲ್ಲೆ ತೆಗೆಯೋದು. ಆಮೇಲೆ ಎಲ್ಡರ್ ಅನ್ನೋ ಹೆಸರೂ ಹೋಗಿ ಮತ್ತೆ ಬ್ರದರ್ ಆಗುತ್ತಾರೆ. ನಮ್ಮ ಪಕ್ಕದ ಮನೆಯವರು ಬಿಲ್ಲೆಗಳನ್ನು ಅಡುಗೆಮನೆ ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದರು. ತಿಂಗಳುಗಟ್ಟಲೆ ಅಲ್ಲೇ ಇದ್ದವು. ಎತ್ತಿಡೋಕೆ ಮನಸ್ಸು ಬರ್ತಿಲ್ಲ ಅಂತ ಆಕೆ ಒಂದು ದಿನ ನನ್ನ ಹೆಂಡತಿ ಹತ್ತಿರ ಹೇಳಿದರು.

ಹೋದ ಮೊದಲ ವಾರ ನೀವೆಲ್ಲ ಮೆಸೇಜ್ ಹಾಕುತ್ತೀರಿ. ಆಗ ಅವರಿಗೆ ಮೊಮ್ಮಕ್ಕಳು, ನೆಂಟರು, ನಿದ್ದೆ ಬಾರದ ರಾತ್ರಿ, ಯಾವುದಕ್ಕೂ ಪುರುಸೊತ್ತಿರಲ್ಲ. ಒಂದು ತಿಂಗಳಾದ ಮೇಲೆ ಮನೆ ಖಾಲಿ ಆಗುತ್ತೆ ನೋಡಿ, ಆಗ ಬರೆಯಿರಿ. ಯಾರು ಯಾವ ತಿಂಗಳು ಅಂತ ಈಗಲೇ ಹಂಚಿಕೊಳ್ಳಿ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ಉಡುಗೊರೆ ಇದೇ.

ಸಾಮಾನಿನ ವಿಷಯ. ಸಾಮಾನ್ಯವಾಗಿ ಒಬ್ಬರಿಗೆ 23 ಕೆಜಿಯ ಎರಡು ಬ್ಯಾಗ್ ಬಿಡುತ್ತಾರೆ, ಟಿಕೆಟ್ ಒಂದು ಸಲ ನೋಡಿಕೊಳ್ಳಿ. ಹಿತ್ತಾಳೆ ದೀಪ, ಗಾಜಿನ ಚೌಕಟ್ಟಿನ ದೊಡ್ಡ ಫೋಟೋ ದಯವಿಟ್ಟು ಬೇಡ. ಕರಿಬೇವು, ಹಣ್ಣು, ಬಿತ್ತನೆ ಬೀಜ, ಮಣ್ಣು ಮೆತ್ತಿದ ಯಾವುದೂ ಬೇಡ, ಕಸ್ಟಮ್ಸಲ್ಲಿ ಕಿತ್ತುಕೊಳ್ಳುತ್ತಾರೆ. ನಿಮ್ಮ ತಂದೆ ಆಲೂಗಡ್ಡೆ ಗೆಡ್ಡೆ ಕೊಡೋಕೆ ಹೋದರೆ ಮೊದಲೇ ತಡೆಯಿರಿ. ಮೊಮ್ಮಕ್ಕಳಿಗೆ ಚನ್ನಪಟ್ಟಣದ ಬುಗುರಿ, ಗಿಲಕಿ ಕೊಡಬಹುದು, ಹಗುರ, ಒಡೆಯಲ್ಲ. ಮೈಸೂರು ಸ್ಯಾಂಡಲ್ ಸೋಪು ಬಟ್ಟೆ ಮಧ್ಯೆ ಇಟ್ಟರೆ ಪೆಟ್ಟಿಗೆ ಬಿಚ್ಚಿದಾಗ ಮನೆಯೆಲ್ಲ ಘಮ್ ಅನ್ನುತ್ತೆ.

ಕಪ್ಪುಬಿಲ್ಲೆ_2ವರ್ಷ:

ನಾನೂ ಈ ಚರ್ಚಿನವನೇ, ಹುಡುಗನಾಗಿದ್ದಾಗ 2 ವರ್ಷ ಮಿಷನ್ ಮಾಡಿದೀನಿ. ಊಟ ಶನಿವಾರ ಸಂಜೆ ಇಟ್ಟುಬಿಡಿ. ಭಾನುವಾರ ಸಂಜೆ ಉಪವಾಸ ಬಿಡೋ ಹೊತ್ತಿಗೆ ಇಡಬಹುದು, ಆದರೆ ಅವತ್ತು ಅವರಿಗೆ ಪ್ಯಾಕಿಂಗ್ ತಲೆನೋವು, ವಯಸ್ಸೂ ಆಗಿದೆ, ಹಸಿದಿರುತ್ತಾರೆ. ಬೇಡ.

ಒಂದು ಲೆಕ್ಕಕ್ಕೆ ಉಪವಾಸದ ಭಾನುವಾರ ಬಂದಿದ್ದು ಒಳ್ಳೆಯದೇ ಆಯಿತು. ಅವತ್ತು ಮೊದಲೇ ಗೊತ್ತು ಮಾಡಿದ ಭಾಷಣ ಇರಲ್ಲ, ಯಾರು ಬೇಕಾದರೂ ಎದ್ದು ಹೋಗಿ ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಮಾತು, ಹೇಳಬಹುದು, ಅವರಿಬ್ಬರೂ ಹೇಳುತ್ತಾರೆ. ಆದರೆ ಆ ಸಭೆಯನ್ನು ಸನ್ಮಾನ ಸಮಾರಂಭ ಮಾಡಬೇಡಿ. ಅದು ಕ್ರಿಸ್ತನ ನೆನಪಿನ ಹೊತ್ತು, ರೊಟ್ಟಿ ನೀರು ತಗೊಳ್ಳೋ ಹೊತ್ತು. ಒಬ್ಬೊಬ್ಬರೂ ಹೋಗಿ ಅವರನ್ನು ಹೊಗಳುತ್ತಾ ಹೋದರೆ ಅವರಿಗೇ ಮುಜುಗರ ಆಗುತ್ತೆ. ಹೊಗಳೋದು, ಅಳೋದು, ಶಾಲು ಹೊದಿಸೋದು ಎಲ್ಲ ಶನಿವಾರ ಮುಗಿಸಿ.

ನಾನು ಮಿಷನ್ನಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಟ್ರಾನ್ಸ್‌ಫರ್ ಆದಾಗ ಒಂದೊಂದು ಸಲ ಎರಡೇ ದಿನ ಸಿಗುತ್ತಿತ್ತು. ಯಾರನ್ನು ಕೊನೇ ಸಲ ನೋಡಲಿಲ್ಲವೋ ಅವರೇ ಇವತ್ತಿಗೂ ಕಾಡುತ್ತಾರೆ. ನಾನೂ ನನ್ನ ಜೊತೆಗಾರನೂ ಬಹಳ ಓಡಾಡಿದ ಒಂದು ಮನೆ ಇತ್ತು. ಆಮೇಲೆ ಅವರು ಚರ್ಚಿಗೆ ಬರೋದು ಬಿಟ್ಟಿದ್ದರು. ನಾಚಿಕೆಯಿಂದ ಅವರೂ ಬರಲಿಲ್ಲ, ಹೊತ್ತಿಲ್ಲ ಅಂತ ನಾನೂ ಹೋಗಲಿಲ್ಲ. ನಿಮ್ಮ ವಾರ್ಡಿನಲ್ಲೂ ಅಂಥವರು ಇರುತ್ತಾರೆ. ಆ ದಂಪತಿಯನ್ನೇ ಕೇಳಿ, ಹೋಗೋಕೆ ಮುಂಚೆ ಯಾರನ್ನು ನೋಡಬೇಕು ಅಂತ. ಅವರು ಹೇಳಿದ ಮನೆಗಳಿಗೆ ಯಾರಾದರೂ ಕಾರು ತಗೊಂಡು ಕರೆದುಕೊಂಡು ಹೋಗಿ. ಸಮಾರಂಭಕ್ಕೆ ಖರ್ಚು ಮಾಡೋ ದುಡ್ಡು ಪೆಟ್ರೋಲಿಗೆ ಹೋಗಲಿ.

ಇನ್ನೊಂದು. ಅವರು ಮಾಡುತ್ತಿದ್ದ ಕೆಲಸ ಯಾರ ಕೈಗೆ? ಇದನ್ನು ಅವರ ಮುಂದೆಯೇ ಒಪ್ಪಿಸಿಕೊಳ್ಳಿ. ನಾಳೆಯಿಂದ ಇದು ನಂದು ಅಂತ ಒಬ್ಬರು ಹೇಳಿದರೆ ಅವರ ಎದೆಭಾರ ಇಳಿಯುತ್ತೆ.

ಧಾರವಾಡದ_ಟೀಚರ್:

ನೋಡ್ರಿ, ನಮ್ಮದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಮ್ಮ ಕಡೆ ಕೆಲವು ವರ್ಷಕ್ಕೊಮ್ಮೆ ಪಾದ್ರಿಗಳು ವರ್ಗ ಆಗುತ್ತಲೇ ಇರುತ್ತಾರೆ, ಕಳಿಸಿಕೊಡೋದು ನಮಗೆ ರೂಢಿ. ಆದರೂ ಪ್ರತಿ ಸಲ ಹೊಟ್ಟೆ ಚುರ್ ಅನ್ನುತ್ತೆ.

ಕನ್ನಡನಾಡಿಗೆ ಇದು ಹೊಸದೂ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್, ಹೆಂಡತಿಯ ಆರೋಗ್ಯ ಕೆಟ್ಟಿತು ಅಂತ 1860ರಲ್ಲಿ ಜರ್ಮನಿಗೆ ಹೋದರು, ಮತ್ತೆ ಈ ಕಡೆ ಬರಲಿಲ್ಲ. ಕನ್ನಡ ನಿಘಂಟು ಮಾಡಿದ ಕಿಟೆಲ್ ಅವರೂ ಕೊನೆಗೆ ಜರ್ಮನಿಯಲ್ಲೇ ತೀರಿಕೊಂಡರು. ಆ ಕಾಲದಲ್ಲಿ ಹಡಗು ಹತ್ತಿದರೆ ಮತ್ತೆ ಮುಖ ನೋಡೋದು ಸುಳ್ಳು, ಅದು ಇಬ್ಬರಿಗೂ ಗೊತ್ತಿರುತ್ತಿತ್ತು. ನಾವು ಈಗ ವಿಡಿಯೋ ಕಾಲ್ ಇದೆಯಲ್ಲ ಅಂದುಕೊಂಡು ಆ ಮಾತನ್ನು ತೇಲಿಸಿಬಿಡುತ್ತೇವೆ. 70 ದಾಟಿದವರನ್ನು "ಮತ್ತೆ ಯಾವಾಗ ಬರ್ತೀರಿ" ಅಂತ ಕೇಳಬೇಡಿ. ಅವರು ಸುಳ್ಳು ಹೇಳಬೇಕಾಗುತ್ತೆ, ಇಲ್ಲ ಅಳಬೇಕಾಗುತ್ತೆ. ನೀವು ಬಂದಿದ್ದರಿಂದ ನಮಗೆ ಇಂಥದ್ದು ಆಯಿತು ಅಂತ ಒಂದೇ ಒಂದು ಖಚಿತ ಸಂಗತಿ ಹೇಳಿ.

ಉಡುಗೊರೆಗೆ ನನ್ನ ಮಾತು ಕೇಳಿದರೆ ಕೌದಿ ಹೊಲಿಯಿರಿ. ಒಂದೊಂದು ಮನೆಯಿಂದ ಒಂದೊಂದು ತುಂಡು ಬಟ್ಟೆ. ಹಳೇದೇ ಇರಲಿ, ಮೈಮೇಲೆ ಉಟ್ಟು ಮೆತ್ತಗಾದದ್ದು. ಅಂಗಡಿಯಿಂದ ಹೊಸ ಬಟ್ಟೆ ತರಬೇಡಿ. ಪೂರ್ತಿ ಹಾಸಿಗೆ ಅಳತೆ ಮಾಡಿದರೆ ಬಾಳ ತೂಕ ಬರುತ್ತೆ, ತೊಡೆ ಮೇಲೆ ಹೊದ್ದುಕೊಳ್ಳೋ ಅಳತೆ ಸಾಕು. 3 ವಾರದಲ್ಲಿ ನಾಲ್ಕು ಹೆಣ್ಮಕ್ಕಳು ಸಂಜೆ ಸಂಜೆ ಕೂತರೆ ಆಗುತ್ತೆ. ಅಂಚಿನಿಂದ ಶುರು ಮಾಡಿ ಒಳಗೆ ಬನ್ನಿ, ಹೊಲಿಗೆ ಸಾಲು ಬೆರಳಿನ ಅಗಲಕ್ಕಿಂತ ದೂರ ಬೇಡ, ಇಲ್ಲದಿದ್ದರೆ ಒಗೆದಾಗ ಒಳಗಿನ ಬಟ್ಟೆ ಮುದ್ದೆ ಆಗುತ್ತೆ.

ಹಾಸನದ_ಮಗಳು:

ಟೀಚರ್, ಕೌದಿ ಮಾತು ಓದಿ ಮೈ ಜುಮ್ ಅಂತು! ಸಿಸ್ಟರ್ ಊರಲ್ಲಿ ಇದೇ ಕೆಲಸ ಮಾಡುತ್ತಾರೆ. ನಮ್ಮ ಚರ್ಚಿನ ಹೆಂಗಸರ ಸಂಘ 1842ರಿಂದ ಇದೆ, ಹೀಗೆ ಕೂತು ಹೊದಿಕೆ ಹೊಲಿಯೋದು ಅಲ್ಲಿ ಬಹಳ ಹಳೇ ರೂಢಿ. ನಾಳೆಯೇ ಎಲ್ಲರಿಗೂ ಬಟ್ಟೆ ಕೇಳುತ್ತೀನಿ. ಮಡಿಲಕ್ಕಿ ವಿಷಯ ಯಾರಾದರೂ ಹೇಳಿ.

ಬಸವನಗುಡಿ_ಗೃಹಿಣಿ:

ನಿಮ್ಮ ತಾಯಿಗೆ ಬೇಡ ಅನ್ನಬೇಡಿ ತಾಯಿ. ಮಡಿಲು ತುಂಬೋದು ಅಂದರೆ ಮನೆ ಮಗಳನ್ನು ಬರಿಗೈಲಿ ಕಳಿಸಲ್ಲ ಅಂತ ತಾನೇ? ಆದರೆ ಸಿಸ್ಟರನ್ನು ಮೊದಲೇ ಕೇಳಿ. ಒಂದೊಂದು ಸಾಮಾನೂ ಯಾಕೆ ಅಂತ ಬಿಡಿಸಿ ಹೇಳಿ. ಅರಿಶಿನ ಕುಂಕುಮ ಅವರಿಗೆ ಸರಿ ಅನ್ನಿಸದಿದ್ದರೆ ಅದೊಂದು ಬಿಡಿ. ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ, ಕಣ ಇದ್ದರೆ ಮಡಿಲು ತುಂಬಿದ ಹಾಗೇ. ಹಿಂದಿನ ದಿನವೇ ಮಾಡಿ, ಆ ಅಕ್ಕಿಯನ್ನು ಅವತ್ತೇ ರಾತ್ರಿ ಅನ್ನ ಮಾಡಿ ಊಟ ಮಾಡಲಿ. ಅಕ್ಕಿ ವಿಮಾನ ಹತ್ತೋದು ಬೇಡ.

ನಿಮ್ಮ ತಂದೆಯನ್ನು ಎಲ್ಲಿಗೂ ಎಳೆಯಬೇಡಿ. ಗಂಡಸರು ಕೆಲವರಿಗೆ ಜನರ ಮುಂದೆ ಆಗಲ್ಲ. ಆ ಯಜಮಾನರನ್ನೇ ಮನೆಗೆ ಕರೆಯಿರಿ, ನೀವು ಅಡುಗೆಮನೆಯಲ್ಲಿ ಇದ್ದುಬಿಡಿ.

ಹಾಸನದ_ಮಗಳು:

ಅವರು ಹೋಗಿ 5 ವಾರ ಆಯಿತು. ಆಗಲೇ ಬರೆಯಬೇಕಿತ್ತು, ಮನಸ್ಸಾಗಲಿಲ್ಲ. ನೀವೆಲ್ಲ ಇಷ್ಟು ಕಾಳಜಿಯಿಂದ ಹೇಳಿದ್ದೀರಿ, ಏನೇನಾಯಿತು ಅಂತ ಹೇಳಲೇಬೇಕು.

ಕೌದಿಗೆ 31 ಮನೆಯಿಂದ ಬಟ್ಟೆ ಬಂತು. ಮಗುವಿನ ಜುಬ್ಬದ ತುಂಡು, ಫ್ಯಾಕ್ಟರಿ ಯೂನಿಫಾರಂ ತೋಳು, ತೀರಿಹೋದ ಅಜ್ಜಿಯ ಸೀರೆ ಅಂಚು. ಚರ್ಚಿಗೆ ಬರೋದು ನಿಲ್ಲಿಸಿದ್ದ ಇಬ್ಬರು ಬಟ್ಟೆ ಕೊಡೋಕೆ ಅಂತ ಬಾಗಿಲವರೆಗೆ ಬಂದರು, ಶನಿವಾರ ಊಟಕ್ಕೂ ಬಂದರು. ಅವತ್ತು ಸಿಸ್ಟರ್ ಕೈಗೆ ಕೌದಿ ಕೊಟ್ಟಾಗ ಅವರು ಮೊದಲು ಅದನ್ನು ಮಗುಚಿ ಹಿಂದಿನ ಹೊಲಿಗೆ ನೋಡಿದರು. ಕನ್ನಡಕ ಹಾಕಿಕೊಂಡು, ಹೆಬ್ಬೆರಳಲ್ಲಿ ಸಾಲು ಸವರಿಕೊಂಡು, ಒಂದು ಕಡೆ ನಿಲ್ಲಿಸಿ, ಇಲ್ಲಿ ಕೈ ಬದಲಾಗಿದೆ ಅಲ್ವಾ, ಇದನ್ನು ಹೊಲಿದವರು ಯಾರು ಅಂತ ಕೇಳಿದರು. ಅದು ನಮ್ಮಮ್ಮ ಹೊಲಿದ ಜಾಗ. ಹೊಲಿಗೆ ಗೊತ್ತಿರೋರಿಗೆ ಹೊಲಿಗೆ ಕಾಣುತ್ತೆ ಅಂತ ಅಮ್ಮ ಇವತ್ತಿಗೂ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾಳೆ.

ಅವರು ಹೇಳಿದ 6 ಮನೆಗಳಿಗೆ ಕರೆದುಕೊಂಡು ಹೋದೆವು. ಎರಡು ಕಡೆ ಬೀಗ ಹಾಕಿತ್ತು. ಅಲ್ಲಿ ಸಿಸ್ಟರ್ ಮೆಟ್ಟಿಲ ಮೇಲೆ ಕೂತು ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸಿ ಬಂದರು. ಅವರು ನಡೆಸುತ್ತಿದ್ದ ಪಿಯಾನೊ ಕ್ಲಾಸ್ ನಾನು ಒಪ್ಪಿಕೊಂಡೆ. ನನಗೆ ಬರೋದು ಅವರು ಕಲಿಸಿದ ನಾಲ್ಕು ಹಾಡು ಮಾತ್ರ. ನಾಲ್ಕರಿಂದಲೇ ಶುರು ಮಾಡು ಅಂದರು.

ಸೋಮವಾರ ಮನೆಗೆ ಬಂದರು. ಅಮ್ಮ ಮಡಿಲು ತುಂಬಿದಳು. ಸಿಸ್ಟರ್ ಸೆರಗಿಲ್ಲ ಅಂತ ಸ್ಕರ್ಟಿನ ಮೇಲೆ ನನ್ನ ದುಪಟ್ಟಾ ಹಾಸಿಕೊಂಡು ಹಿಡಿದರು. ಕುಂಕುಮ ಅವರೇ ಕೇಳಿ ಹಚ್ಚಿಸಿಕೊಂಡರು. ಆ ಅಕ್ಕಿಯಲ್ಲೇ ಅನ್ನ ಮಾಡಿ ಎಲ್ಲರೂ ಊಟ ಮಾಡಿದೆವು. ಕೊನೆಗೆ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಯಲ್ಲಿ ಚಟ್ನಿಪುಡಿ ತುಂಬಿಕೊಟ್ಟು, ಇದನ್ನು ಮಾತ್ರ ವಾಪಸ್ ಕೊಡಬೇಡಿ ಅಂದಳು.

ಅಪ್ಪ ಊಟ ಆದ ಮೇಲೂ ಮಾತಾಡಲಿಲ್ಲ. ನಾವು ಹೆಂಗಸರು ಅಡುಗೆಮನೆಗೆ ಹೋದೆವು. ಸುಮಾರು ಹೊತ್ತು ಹೊರಗಿಂದ ಏನೂ ಕೇಳಿಸಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಅಪ್ಪ ಬೀರುವಿನಿಂದ ಮಡಿಕೆ ಬಿಚ್ಚದ ಹೊಸ ಟವೆಲ್ ತೆಗೆದು, ಜಾತ್ರೆಗೆ ಅಂತ ಎತ್ತಿಟ್ಟಿದ್ದದ್ದು, ಎಲ್ಡರ್ ಹೆಗಲ ಮೇಲೆ ಹಾಕಿ ಎರಡೂ ತುದಿ ಸಮ ಮಾಡುತ್ತಿದ್ದರು. ಎಲ್ಡರ್ ಅಪ್ಪನ ಎರಡೂ ಕೈ ಹಿಡಿದುಕೊಂಡು ಸುಮ್ನೆ ನಿಂತಿದ್ದರು. ಮಂಗಳವಾರ ರಾತ್ರಿ ಏರ್‌ಪೋರ್ಟಲ್ಲಿ ಕೋಟಿನ ಮೇಲೆ ಕಪ್ಪು ಬಿಲ್ಲೆ, ಹೆಗಲ ಮೇಲೆ ಆ ಟವೆಲ್. ಹಾಗೇ ಒಳಗೆ ಹೋದರು.

ಯೂಟಾದ ಅಣ್ಣ ಹೇಳಿದ ಹಾಗೆ ತಿಂಗಳ ಪಟ್ಟಿ ಮಾಡಿದ್ದೇವೆ. ಏಪ್ರಿಲ್ ನಮ್ಮನೆಯದು. ನಿನ್ನೆ ರಾತ್ರಿ ಬರೆಯೋಕೆ ಕೂತಾಗ, ಏನು ಹೇಳಲಿ ಅಂತ ಅಪ್ಪನನ್ನು ಕೇಳಿದೆ. ಅಲ್ಲಿ ನೆಲ ಹದಕ್ಕೆ ಬಂತಾ, ಗೆಡ್ಡೆ ಕುಯ್ದು ನೆಡ್ತಾರೋ ಇಡೀದೇ ನೆಡ್ತಾರೋ ಕೇಳು, ನಮ್ಮಲ್ಲಿ ಇನ್ನೂ ಮಳೆ ಬಂದಿಲ್ಲ ಅಂತ ಬರಿ ಅಂದರು.